ಟೇಪಮ್ಮನ ದೇವರು

ಮಗಳು ಮೂರನೆಯ ಡ್ರಾಯರನ್ನೂ ನೆಲಕ್ಕೆ ಸುರಿದಳು. ಗುಂಡಿ, ಲೇಸು, ಜರಿಯ ತುಣುಕು, ಬೆರಳುದ್ದದ ಅಂಗಿತೋಳುಗಳು. ದೇವರು ಮಾತ್ರ ಸಿಗಲಿಲ್ಲ.

"ಸಿಕ್ತೇನೇ?" ದೊಡ್ಡಮ್ಮ ಬಾಗಿಲಲ್ಲೇ ನಿಂತು ಕೇಳಿದರು. "ಗಾಡಿ ಬರೋಕೆ ಇನ್ನು ಅರ್ಧ ಗಂಟೆ."

"ಇಲ್ಲ ದೊಡ್ಡಮ್ಮ. ಒಂದು ಪಟಾನೂ ಇಟ್ಕೊಂಡಿಲ್ಲ."

ಅಮ್ಮನನ್ನು ಸ್ಮಶಾನಕ್ಕೆ ಒಯ್ಯುವ ಮೊದಲು ಮಗಳು ಆಕೆಯ ಕಿವಿಯಲ್ಲಿ ಆಕೆಯ ಇಷ್ಟದೇವರ ಹೆಸರು ಹೇಳಬೇಕು, ನೆರೆದವರೆಲ್ಲ ಅದನ್ನೇ ಗಟ್ಟಿಯಾಗಿ ಹೇಳಬೇಕು. ಆ ಮನೆಯಲ್ಲಿ ನಡೆದುಬಂದದ್ದೇ ಹಾಗೆ. ತಪ್ಪು ಹೆಸರು ಹೇಳಿ ಅಮ್ಮನನ್ನು ಕಳಿಸಿಬಿಟ್ಟರೆ ಏನು ಗತಿ ಎಂದು ಮಗಳಿಗೆ ಬೆಳಗಿನಿಂದ ಸಂಕಟ. ಹೋದವಳಾದರೂ ಎಂಥವಳು, ನಲವತ್ತು ವರ್ಷ ಊರವರ ಮನೆದೇವರುಗಳಿಗೆಲ್ಲ ಬಟ್ಟೆ ಹೊಲಿದವಳು. ಕೊರಳಲ್ಲಿ ಸದಾ ಅಳತೆಯ ಟೇಪು, ಅದಕ್ಕೇ ಎಲ್ಲರ ಬಾಯಲ್ಲೂ ಟೇಪಮ್ಮ. ಸ್ವಂತಕ್ಕೊಂದು ದೇವರನ್ನು ಇಟ್ಟುಕೊಳ್ಳಲು ಆಕೆಗೆ ಪುರುಸೊತ್ತಿತ್ತೋ ಇಲ್ಲವೋ, ಬದುಕಿದ್ದಾಗ ಯಾರೂ ಕೇಳಿರಲಿಲ್ಲ.

ನಡುಮನೆಯಲ್ಲಿ ಕೂತವರಿಗೆ ಮಾತ್ರ ಎಲ್ಲ ಗೊತ್ತಿತ್ತು.

"ಕೃಷ್ಣ ಅಂತ ಹೇಳಮ್ಮ," ಎಂದರು ಔಷಧಿ ಅಂಗಡಿಯವರು. "ನಮ್ಮ ಕೃಷ್ಣನ ಸೊಂಟದಳತೆ ಅವರಿಗೆ ಬಾಯಿಪಾಠ."

"ಹಾಗಾದ್ರೆ ನಮ್ಮ ದೇವಿ?" ಟೀಚರಮ್ಮ ಬಿಡಲಿಲ್ಲ. "ಪ್ರತಿ ವರ್ಷ ಹೊಸದಾಗಿ ಅಳೀತಿದ್ರು. ಹಿತ್ತಾಳೆ ಮೂರ್ತಿ ಬೆಳೆಯುತ್ತಾ ಅಂತ ನಾನು ನಕ್ಕರೆ, 'ಅವರು ಹಾಗೇ ಇರ್ತಾರೆ, ನನ್ನ ಕಣ್ಣು ಹಾಗೇ ಇರಲ್ವಲ್ಲ' ಅಂತಿದ್ರು. ಭಕ್ತಿ ಇಲ್ದೆ ಯಾರಾದ್ರೂ ಹೀಗಂತಾರಾ?"

ಗೋಡೆಗೊರಗಿ ಧ್ಯಾನಕ್ಕೆ ಕೂತಿದ್ದ ಸೋದರಮಾವ ಕಣ್ಣು ಬಿಡದೆಯೇ ಬಾಯಿ ಬಿಟ್ಟರು. "ಹೆಸರೂ ಬೇಡ, ರೂಪವೂ ಬೇಡ. ಸತ್ಯಕ್ಕೆ ಆಕಾರ ಎಲ್ಲಿದೆ? ಮೌನವಾಗಿ ಕಳಿಸೋಣ. ಅಕ್ಕನೂ ನನ್ನ ಹಾಗೇನೇ."

"ನಿನ್ನ ಹಾಗೆ ಕೂತಿದ್ದಿದ್ರೆ ಈ ಮನೆ ನಡೆದ ಹಾಗೇ," ಎಂದರು ದೊಡ್ಡಮ್ಮ.

ಮಗಳಿಗೆ ಇವರಲ್ಲಿ ಯಾರ ಮಾತೂ ಸುಳ್ಳೆನಿಸಲಿಲ್ಲ. ಕಷ್ಟವಾದದ್ದೇ ಅದು. ಮೂಲೆಯಲ್ಲಿದ್ದ ನಿವೃತ್ತ ಬಸ್ ಡ್ರೈವರ್ ಗಂಟಲು ಸರಿಮಾಡಿಕೊಂಡರು.

"ನಾನು ತಂದಿದ್ದ ಕಲ್ಲು ನೆನಪಿದೆಯೇನಮ್ಮ?"

*

ನೆನಪಿತ್ತು. ಆಗ ಅವಳಿಗೆ ಎಂಟು ವರ್ಷ. ಡ್ರೈವರ್ ಕರವಸ್ತ್ರದಲ್ಲಿ ಸುತ್ತಿ ತಂದದ್ದು ಹೊಳೆಯ ನುಣ್ಣನೆ ಕಲ್ಲು. ಮುಖವಿಲ್ಲ, ಕೈಕಾಲಿಲ್ಲ.

"ಇದಕ್ಕೆ ಮುಂದೆ ಯಾವುದು, ಹಿಂದೆ ಯಾವುದು?" ಅಮ್ಮ ಕೇಳಿದಳು.

"ಗೊತ್ತಿಲ್ಲಮ್ಮ. ನಮ್ಮಪ್ಪ ಇದಕ್ಕೇ ಕೈ ಮುಗೀತಿದ್ರು. ಹೊಲಿಯೋಕಾಗುತ್ತಾ?"

ಅಮ್ಮ ನಗಲಿಲ್ಲ. ಟೇಪನ್ನು ಅಡ್ಡ ಹಿಡಿದಳು, ಉದ್ದ ಹಿಡಿದಳು, ಎತ್ತ ಹಿಡಿದರೂ ಜಾರಿತು. ಕೊನೆಗೆ ಅದನ್ನು ಪಕ್ಕಕ್ಕಿಟ್ಟು ಕಲ್ಲನ್ನು ಎರಡೂ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ತುಂಬ ಹೊತ್ತು ಕೂತಳು. ಆಮೇಲೆ ಮಗಳ ಮಡಿಲಿಗಿಟ್ಟಳು.

"ಬಟ್ಟೆ ಆಗೋವರೆಗೂ ಹಿಡ್ಕೊಂಡಿರು. ಚಳಿ ಆಗ್ಬಾರ್ದು."

"ಅಮ್ಮ, ಇದು ದೇವರಾ, ಕಲ್ಲಾ?"

"ಮೊದಲು ಹೊಲೀತೀನಿ, ಆಮೇಲೆ ಕೇಳು."

ಯಾವ ಕಡೆ ತಿರುಗಿಸಿದರೂ ಅದೇ ಮುಂಭಾಗ ಅನ್ನಿಸುವಂಥ ಅಂಗಿ ತಯಾರಾಯಿತು. ಡ್ರೈವರ್ ಅದನ್ನು ತೊಡಿಸಿ ಕಣ್ಣಿಗೊತ್ತಿಕೊಂಡು ಹೋದರು. ಮಗಳು ಆಟಕ್ಕೆ ಓಡಿದಳು. ಕೇಳಲು ಮರೆತೇಹೋಯಿತು.

*

ಗಾಡಿ ಬಂತು. ಎಲ್ಲರೂ ಎದ್ದು ಅಮ್ಮನ ಸುತ್ತ ನಿಂತರು. ದೊಡ್ಡಮ್ಮ ಮಗಳ ಬೆನ್ನ ಮೇಲೆ ಕೈಯಿಟ್ಟು, "ಹೇಳು ಮರಿ, ಯಾವುದಾದ್ರೂ ಸರಿ," ಎಂದರು.

ಮಗಳು ಬಾಗಿದಳು. ಕೃಷ್ಣ ಎನ್ನಲು ಬಾಯಿ ತೆರೆದಳು, ದೇವಿ ಎನ್ನಲು ನೋಡಿದಳು, ಯಾವುದೂ ನಾಲಿಗೆಗೆ ಬರಲಿಲ್ಲ. ಸುಮ್ಮನಿರೋಣವೆಂದರೆ ಅದೂ ಆಗಲಿಲ್ಲ, ದುಃಖ ಒತ್ತರಿಸಿ ಬಂತು.

"ಅಮ್ಮಾ," ಎಂದಳು.

ಅವಳು ಹೇಳಿದ್ದನ್ನೇ ಹೇಳಲು ಎಲ್ಲರೂ ಕಾದು ನಿಂತಿದ್ದರು. ಔಷಧಿ ಅಂಗಡಿಯವರು ಹೇಳಿದರು, ಟೀಚರಮ್ಮ ಹೇಳಿದರು, ಡ್ರೈವರ್ ಹೇಳಿದರು. ಸೋದರಮಾವ ಕಣ್ಣು ತೆರೆದು ಹೇಳಿದರು. ಎಪ್ಪತ್ತೆಂಟು ವರ್ಷದ ದೊಡ್ಡಮ್ಮ, ತಾವೇ ಎತ್ತಿ ಆಡಿಸಿದ್ದ ತಂಗಿಯ ಮುಖ ನೋಡುತ್ತ, ಎರಡೂ ಕೈ ಜೋಡಿಸಿ "ಅಮ್ಮಾ" ಎಂದರು.