ಎಡಗೈ ಮಡಿಕೆಯ ಬೂಜ್

ಬಾಲ್ಕನಿಯಲ್ಲಿಟ್ಟಿದ್ದ ಪಾತ್ರೆಯ ಮುಚ್ಚಳ ತೆಗೆದ ಡುಲ್ಮಾಗೆ ಮೈನಸ್ ಇಪ್ಪತ್ತೇಳರ ಚಳಿಯೇ ಮರೆತುಹೋಯಿತು. ದನದ ಕಾಲಿನ ಮೂಳೆಗಳನ್ನು ಐದು ಗಂಟೆ ಕುದಿಸಿ, ಆ ಸಾರನ್ನು ಸೋಸಿ ಬೆಳಿಗ್ಗೆ ಹೊರಗಿಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೊಬ್ಬೆಲ್ಲ ಮೇಲೆ ಬಂದು ಬಿಳಿ ತಟ್ಟೆಯ ಹಾಗೆ ಗಟ್ಟಿಯಾಗಿತ್ತು. ಅಂಚಿಗೆ ಚಾಕು ಹಾಕಿ ಎಬ್ಬಿಸಿದಳು. ಇಡಿಯಾಗಿ ಎದ್ದು ಬಂತು. ಅದರಡಿಯಲ್ಲಿ ಜೇನುಬಣ್ಣದ ಸಾರು ಹೆಪ್ಪುಗಟ್ಟಿ, ಚಮಚ ತಾಗಿಸಿದರೆ ತುಳುಕದೆ ನಡುಗುತ್ತಿತ್ತು.

"ನೊಮಿನ್, ಬಾ ಇಲ್ಲಿ. ಬೇಗ ಬಾ."

ಸೊಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಏನತ್ತೆ, ಪಾತ್ರೆ ಒಡೀತಾ?"

"ರಸ ಸಿಕ್ತು ಕಣೇ."

ಒಂದು ತಿಂಗಳಿಂದ ಡುಲ್ಮಾ ಹುಡುಕುತ್ತಿದ್ದದ್ದು ಇದನ್ನೇ. ಅಕ್ಟೋಬರಿನಲ್ಲಿ ಗಂಡ ಗಾಲ್ಸನ್‌ನ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದ್ದರು. ಕುರಿಬಾಲದ ಕೊಬ್ಬನ್ನು ಇನ್ನು ಮುಟ್ಟುವ ಹಾಗಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹಿಟ್ಟಿನ ಹಾಳೆಯಲ್ಲಿ ಮಾಂಸ ತುಂಬಿ ಹಬೆಯಲ್ಲಿ ಬೇಯಿಸುವ ಈ ಮನೆಯ ಬೂಜ್‌ನಲ್ಲಿ ಮೂರು ಪಾಲು ಮಾಂಸಕ್ಕೆ ಒಂದು ಪಾಲು ಆ ಕೊಬ್ಬೇ. ಹೊಸ ವರ್ಷದ ಬಿಳಿ ತಿಂಗಳ ಹಬ್ಬ ಬಂತೆಂದರೆ ಮೂರು ದಿನ ನೆಂಟರ ಸಾಲು. ಪ್ರತಿ ತಂಡ ಬಂದಾಗಲೂ ಹಬೆಯಿಂದ ಹೊಸ ತಟ್ಟೆ ಇಳಿಯಬೇಕು, ಮನೆಯ ಯಜಮಾನ ಅವರ ಜತೆ ಎರಡಾದರೂ ತಿನ್ನಬೇಕು. ಬೇರೆ ತಟ್ಟೆ ಕೊಡುತ್ತೇನೆ ಎಂದರೆ ಗಾಲ್ಸನ್ ಸುತಾರಾಂ ಒಪ್ಪಲಿಲ್ಲ.

"ಬಂದವರೆದುರು ರೋಗಿ ತಟ್ಟೆ ಹಿಡ್ಕೊಂಡು ಕೂರೋನಲ್ಲ ನಾನು."

"ಹಾಗಾದ್ರೆ ಎಲ್ಲರಿಗೂ ಒಂದೇ ಮಾಡ್ತೀನಿ. ಕೊಬ್ಬಿಲ್ಲದ್ದು."

"ಒಣಗಿದ ಬೂಜ್ ಇಟ್ಟು ಮಾನ ಕಳೀತೀಯಾ?" ಎಂದ ಗಾಲ್ಸನ್, ಸ್ವಲ್ಪ ಯೋಚಿಸಿ ಷರತ್ತು ಹಾಕಿದ. "ನಮ್ಮಕ್ಕ ಒಂದನ್ನ ಪೂರ್ತಿ ತಿಂದು ಚೆನ್ನಾಗಿದೆ ಅನ್ನಲಿ, ವರ್ಷವಿಡೀ ನೀನು ಹಾಕಿದ್ದು ತಿಂತೀನಿ. ಅರ್ಧಕ್ಕೆ ಬಿಟ್ಟಳೋ, ಬಾಲದ ಕೊಬ್ಬು ವಾಪಸ್. ಅವಳಿಗೆ ಮೊದಲೇ ಹೇಳೋ ಹಾಗಿಲ್ಲ."

ಅಕ್ಕ ಯಾಂಜ್ಮಾಗೆ ಎಪ್ಪತ್ತೊಂಬತ್ತು. ವಂಶಕ್ಕೆಲ್ಲ ಹಿರಿಯಳು. ಅವಳ ಮನೆ ಒಂದೇ ಕೋಣೆಯದಾದ್ದರಿಂದ ಹಬ್ಬಕ್ಕೆ ಅವಳು ಕೂರುತ್ತಿದ್ದದ್ದು ತಮ್ಮನ ಮನೆಯಲ್ಲಿ, ಮೊದಲ ಜಾಗದಲ್ಲಿ. ಕಣ್ಣು ಮಂಜಾಗಿತ್ತು, ನಾಲಿಗೆ ಆಗಿರಲಿಲ್ಲ. ಬೂಜ್‌ನ ಅಂಚು ಕಚ್ಚಿ ಮೊದಲು ರಸ ಹೀರುತ್ತಿದ್ದಳು. ರಸ ಬಾರದಿದ್ದರೆ ತಟ್ಟೆಗೆ ವಾಪಸ್ಸು. ಒಬ್ಬ ಸೋದರ ಸೊಸೆಯ ಬೂಜ್ ಹಾಗೆ ತಟ್ಟೆಗೆ ಬಿದ್ದು ಹನ್ನೊಂದು ವರ್ಷವಾಗಿತ್ತು. ಅದನ್ನು ಈಗಲೂ ಎಲ್ಲರೂ ನೆನೆಯುತ್ತಿದ್ದರು.

ಆ ತಿಂಗಳಲ್ಲಿ ಹಲವು ಸಲ ಮಾಡಿ ನೋಡಿದ್ದಳು. ಎಲೆಕೋಸು ಹಾಕಿದ್ದಾಗ ನೀರು ಬಿಟ್ಟು ಹಿಟ್ಟಿನ ಹಾಳೆ ಹರಿದಿತ್ತು. ಬರೀ ಈರುಳ್ಳಿಯ ರಸ ಸಾಲಲಿಲ್ಲ. ಸಾರನ್ನೇ ಸುರಿದು ಕಲಸಿದರೆ ಮಡಿಕೆ ನಿಲ್ಲಲಿಲ್ಲ. ಈಗ ಡುಲ್ಮಾ ಹೆಪ್ಪನ್ನು ಸಣ್ಣಗೆ ಕೊಚ್ಚಿ, ಜಿಡ್ಡು ತೆಗೆದ ದನದ ಮಾಂಸ, ಈರುಳ್ಳಿ, ಬೆಳ್ಳುಳ್ಳಿ, ಶಾಜೀರಿಗೆಯ ಜತೆ ಕಲಸಿ ನಾಲ್ಕೇ ನಾಲ್ಕು ಬೂಜ್ ಮಡಚಿ ಹಬೆಗಿಟ್ಟಳು. ಇಪ್ಪತ್ತು ನಿಮಿಷ ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದಿಂದ ಕದಲಲಿಲ್ಲ. ನೊಮಿನ್ ಮೊದಲನೆಯದನ್ನು ಕಚ್ಚಿದಳು. ಹೆಪ್ಪು ಕರಗಿ ಸಾರಾಗಿತ್ತು. ಗದ್ದದಿಂದ ಮೊಣಕೈವರೆಗೂ ಇಳಿಯಿತು.

"ಅತ್ತೆ, ನನ್ನ ಹೊಸ ಅಂಗಿ."

"ಒಗೆದ್ರಾಯ್ತು. ಇನ್ನೊಂದು ತಿನ್ನು."

ಹಬ್ಬಕ್ಕೆ ಮೂರು ದಿನವಿರುವಾಗ ಒಂಬೈನೂರು ಬೂಜ್ ಮಾಡಲು ಕೂತರು. ಒಬ್ಬಳು ಹಾಳೆ ಲಟ್ಟಿಸುವುದು, ಒಬ್ಬಳು ಮಡಚುವುದು, ತುಂಬಿದ ಹಲಗೆ ಬಾಲ್ಕನಿಗೆ, ಅಲ್ಲಿ ಕಲ್ಲಿನಂತಾದ ಮೇಲೆ ಚೀಲಕ್ಕೆ. ಹತ್ತು ಗಂಟೆಗೆ ಯಾಂಜ್ಮಾ, ಯಾರೂ ಕರೆಯದಿದ್ದರೂ, ತೋಳು ಮಡಚಿಕೊಂಡೇ ಬಂದಳು.

"ಕೂತೂ ಕೂತೂ ಮೈ ಜಡ್ಡು ಹಿಡಿದಿದೆ. ನನಗೂ ಒಂದು ಬೋಗುಣಿ ಮಾಂಸ ಕೊಡೇ."

ಬೇಡ ಎನ್ನಲು ಕಾರಣವೇನು ಹೇಳುವುದು? ಡುಲ್ಮಾ ಒಂದು ಬೋಗುಣಿ ಕೊಟ್ಟು ಬಾಲ್ಕನಿ ಬಾಗಿಲ ಪಕ್ಕ ಕೂರಿಸಿದಳು. ಯಾಂಜ್ಮಾಳ ಬೆರಳುಗಳು ಇನ್ನೂ ಚುರುಕಾಗಿದ್ದವು. ಒಂದೂವರೆ ಗಂಟೆಯಲ್ಲಿ ನೂರ ನಲವತ್ತು ಬೂಜ್ ಎದ್ದವು. ಹಲಗೆ ಇಡಲು ಹೊರಗೆ ಹೋದ ಡುಲ್ಮಾ ಮೂಲೆಗೆ ಬಗ್ಗಿ ನೋಡಿದಳು. ಮೂಳೆ ಸಾರಿನಿಂದ ತೆಗೆದ ಕೊಬ್ಬನ್ನು ಅಲ್ಲಿ ಒಂದು ಬಟ್ಟಲಲ್ಲಿಟ್ಟಿದ್ದಳು. ಕೊಬ್ಬನ್ನು ಎಸೆದ ರೂಢಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಈಗ ಬಟ್ಟಲು ಖಾಲಿ.

"ಅತ್ತಿಗೆ, ಇಲ್ಲಿದ್ದ ಕೊಬ್ಬು?"

"ಇನ್ನೆಲ್ಲಿಗೆ ಹೋಗತ್ತೆ, ನನ್ನ ಬೋಗುಣಿಗೇ. ಬೆರಳಾಡಿಸಿದ್ರೆ ಮಾಂಸ ಒರಟು ಒರಟು. ಕೊಬ್ಬನ್ನ ಹೊರಗೇ ಮರೆತು ಬಂದಿದ್ದೀಯ. ಅರವತ್ತನಾಲ್ಕಕ್ಕೇ ಅರಳುಮರಳಾ?"

"ಆಗತ್ತೆ ಅತ್ತಿಗೆ," ಎಂದಳು ಡುಲ್ಮಾ.

ಯಾಂಜ್ಮಾ ಹೊರಟ ಕೂಡಲೇ ಇಬ್ಬರೂ ಬಾಲ್ಕನಿಗೆ ನುಗ್ಗಿದರು. ಅಷ್ಟರಲ್ಲಿ ಹಲಗೆಗಳು ಬೆರೆತುಹೋಗಿದ್ದವು. ಒಂಬೈನೂರು ಬೂಜ್, ಒಂದೇ ಅಳತೆ, ಒಂದೇ ಬಿಳುಪು. ನೊಮಿನ್ ಅಳುವುದೊಂದೇ ಬಾಕಿ. ಡುಲ್ಮಾ ಒಂದನ್ನೆತ್ತಿ ಬೆಳಕಿಗೆ ಹಿಡಿದಳು, ಇನ್ನೊಂದನ್ನೆತ್ತಿದಳು, ನಕ್ಕಳು.

"ಮಡಿಕೆ ನೋಡು. ನಿಂದೂ ನಂದೂ ಬಲಕ್ಕೆ ತಿರುಗಿವೆ. ಅತ್ತಿಗೆ ಎಡಚಿ."

ಕೈ ಮರಗಟ್ಟುವವರೆಗೆ ಆರಿಸಿದರು. ಎಡಕ್ಕೆ ತಿರುಗಿದವು ನೂರ ನಲವತ್ತು, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಒಳ್ಳೇದೇ ಆಯ್ತಲ್ಲ ಅತ್ತೆ," ಎಂದಳು ನೊಮಿನ್. "ಹಬ್ಬದ ದಿನ ದೊಡ್ಡತ್ತೆಗೆ ಅವರದ್ದೇ ಬಡಿಸೋಣ. ಚೆನ್ನಾಗಿದೆ ಅಂತಾರೆ, ಮಾವ ಒಪ್ಕೋತಾರೆ, ಮುಗೀತು."

ಡುಲ್ಮಾಗೂ ಒಂದು ಗಳಿಗೆ ಆಸೆಯಾಯಿತು, ಆದರೂ ತಲೆಯಾಡಿಸಿದಳು. "ಬೇಡ. ಮುಂದಿನ ತಿಂಗಳು ಬಂದು ತಿಂದ್ರೆ ಗೊತ್ತಾಗಲ್ವಾ? ಎರಡೂ ಇಡೋಣ."

ಹಬ್ಬದ ಬೆಳಿಗ್ಗೆ ಮನೆ ತುಂಬ ಉದ್ದ ನಿಲುವಂಗಿಯಂಥ ರೇಷ್ಮೆ ಡೇಲ್‌ಗಳ ಸರಬರ. ಗಾಲ್ಸನ್ ಹಿರಿಯರ ಗೌರವಕ್ಕೆಂದು ನೀಲಿ ವಸ್ತ್ರ ಹಿಡಿದು ಅಕ್ಕನ ಮೊಣಕೈಗೆ ಕೈಯಾನಿಸಿ ನಮಸ್ಕರಿಸಿದ. ಹಾಲಿನ ಚಹಾ ಆಯಿತು. ಡುಲ್ಮಾ ಹಬೆಪಾತ್ರೆ ತೆರೆದಳು. ನೊಮಿನ್ ಹಲಗೆಯಿಂದ ಜೋರಾಗಿ ಗಾಳಿ ಹಾಕಿದಳು, ಬೂಜ್‌ಗಳ ಮೈ ಮಿರಮಿರ ಹೊಳೆಯಿತು. ಯಾಂಜ್ಮಾಳ ತಟ್ಟೆಗೆ ಎರಡು ಬಿದ್ದವು: ಎಡ ಮಡಿಕೆಯದೊಂದು, ಬಲ ಮಡಿಕೆಯದೊಂದು. ಗಾಲ್ಸನ್ ತಟ್ಟೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಹಿಂದಿನ ದಿನವೇ ಅವನಿಗೆ ಎಲ್ಲ ಹೇಳಿಯಾಗಿತ್ತು.

ಯಾಂಜ್ಮಾ ಕೈಗೆ ಸಿಕ್ಕಿದ್ದನ್ನು ಎತ್ತಿದಳು. ಎಡ ಮಡಿಕೆ. ಕಚ್ಚಿದಳು, ಹೀರಿದಳು, ಅಗಿದಳು, ನಾಲಿಗೆಯಿಂದ ಅಂಗುಳ ಸವರಿಕೊಂಡಳು. ಅರ್ಧ ಉಳಿದದ್ದನ್ನು ತಟ್ಟೆಗಿಟ್ಟು ಇನ್ನೊಂದನ್ನು ಎತ್ತಿದಳು. ಸುರ್ ಎಂದು ಉದ್ದಕ್ಕೆ ಸದ್ದು ಬಂತು. ಅಗಿದು ನುಂಗಿ, ಹಾಳೆಯ ಕೊನೆಯ ಗಂಟನ್ನೂ ಬಾಯಿಗೆ ಹಾಕಿಕೊಂಡಳು.

"ಇದು ನನ್ನದು," ಎಂದಳು ಯಾಂಜ್ಮಾ, ಬೆರಳು ನೆಕ್ಕುತ್ತ. "ರಸ ಅಂದ್ರೆ ಇದು. ಆ ಮೊದಲನೇದು ನಿಂದಿರಬೇಕು ಡುಲ್ಮಾ, ಅಂಗುಳಕ್ಕೆಲ್ಲ ಜಿಡ್ಡು ಮೆತ್ತಿಕೊಂಡಿದೆ. ಕೊಬ್ಬು ಎಷ್ಟು ಹಾಕ್ಬೇಕು ಅಂತ ಈ ವಯಸ್ಸಲ್ಲಿ ಹೇಳಿಕೊಡ್ಬೇಕಾ?"

ನೊಮಿನ್ ಕೆಮ್ಮು ಬಂದವಳಂತೆ ಅಡುಗೆಮನೆಗೆ ಓಡಿದಳು. ಡುಲ್ಮಾ ಬಾಯಿ ತೆರೆಯಲು ಹೋದಳು. ಗಾಲ್ಸನ್ ಕೈಯೆತ್ತಿ ತಡೆದ. ದೊಡ್ಡ ತಟ್ಟೆಯನ್ನು ಹತ್ತಿರಕ್ಕೆಳೆದು, ಮಡಿಕೆ ನೋಡಿ ನೋಡಿ ಬಲಕ್ಕೆ ತಿರುಗಿದ ಮೂರನ್ನು ತನಗೆ ಹಾಕಿಕೊಂಡ.

"ಅಕ್ಕ ಹೇಳಿದ ಮೇಲೆ ಮುಗೀತು," ಎಂದ. "ಇನ್ನು ಈ ಮನೇಲಿ ಈಗ ಅಕ್ಕ ಪೂರ್ತಿ ತಿಂದಳಲ್ಲ, ಅಂಥದ್ದೇ ಬೂಜ್."