ಸತ್ತ ಮರಿಯ ಅಂಗಿ

ಜಾಲಹಳ್ಳಿಯಿಂದ ದೇವದುರ್ಗ, ಅಲ್ಲಿಂದ ಮಾನ್ವಿ, ಆಮೇಲೆ ಪೋತ್ನಾಳ. ಮೂರು ಬಸ್ಸು ಹತ್ತಿ ಇಳಿದು ಬಂದದ್ದು ಒಂದು ಕುರಿಮರಿಯನ್ನು ನೋಡಲಿಕ್ಕೆ ಎಂದರೆ ಯಾರಾದರೂ ನಕ್ಕಾರು. ಅದಕ್ಕೇ ನೇತ್ರಾವತಿ ಮನೆಯಲ್ಲಿ, ಡಿಗ್ರಿ ಸರ್ಟಿಫಿಕೇಟು ತರಲು ರಾಯಚೂರಿಗೆ ಹೋಗುತ್ತೇನೆ ಎಂದು ಹೇಳಿ ಹೊರಟಿದ್ದಳು. ಚೀಲದಲ್ಲಿ ಇದ್ದದ್ದು ಹಾಲು ಕುಡಿಸುವ ಬಾಟಲಿ.

ಮರಿ ಹುಟ್ಟಿದ ದಿನವೇ ಅದರ ತಾಯಿ ಸತ್ತಿತ್ತು. ಸೋದರಮಾವ ಬೂದೆಪ್ಪ ಕಂಬಳಿಯಲ್ಲಿ ಸುತ್ತಿ ತಂದು ಇವಳ ಮಡಿಲಿಗೆ ಹಾಕಿ ಹಿಂಡಿನ ಹಿಂದೆ ಹೋಗಿಬಿಟ್ಟಿದ್ದ. ಹದಿನೈದು ದಿನ ಅದು ಇವಳ ಕೈಯಲ್ಲಿ ಕುಡಿಯಿತು, ಇವಳ ಹಿಮ್ಮಡಿ ಬಿಡದೆ ಓಡಾಡಿತು. ನಾಲ್ಕು ಜನರೆದುರು ಬಾಯಿ ಬಿಡದವಳು ಅದರೊಂದಿಗೆ ದಿನವಿಡೀ ಮಾತಾಡಿದಳು. ಗುಬ್ಬಿ ಎಂದು ಹೆಸರಿಟ್ಟಳು. ಬೂದೆಪ್ಪ ಮರಳಿ ಒಯ್ಯಲು ಬರುವ ದಿನ ಮೈಸೋಪು ಹಚ್ಚಿ ಬಿಸಿನೀರು ಎರೆದು, ತವರಿನಿಂದ ಮಗಳನ್ನು ಕಳಿಸುವಂತೆ ಕಳಿಸಿದಳು.

ಕುರಿಗಾರರ ಮನೆಯ ಹುಡುಗಿ ಮಾಡಬಾರದ ತಪ್ಪು ಅದು. ಮರಿ ಸತ್ತು, ಕೆಚ್ಚಲು ಬಿಗಿದು ಒದರುತ್ತಿದ್ದ ಕುರಿಯೊಂದು ಹಿಂಡಿನಲ್ಲಿತ್ತು. ಅದು ಗುಬ್ಬಿಯನ್ನು ಒಮ್ಮೆ ಮೂಸಿ, ಸೋಪಿನ ವಾಸನೆಗೆ ಸೀನಿ, ಗುದ್ದಿ ಕೆಡವಿತೆಂದು ಬೂದೆಪ್ಪ ಫೋನಿನಲ್ಲಿ ಹೇಳಿದ್ದ. ಅಂದಿನಿಂದ ಅವಳಿಗೆ ಅನ್ನ ಸೇರಿರಲಿಲ್ಲ.

ಕೊಯ್ಲು ಮುಗಿದ ಗದ್ದೆಯಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿದ್ದರು. ದೂರದಿಂದಲೇ ಅತ್ತೆ, ಬೂದೆಪ್ಪನ ಹೆಂಡತಿ ಆದೆಮ್ಮ ಕೂಗಿದಳು.

“ಏ ನೇತ್ರಾ, ಅಲ್ಲೇ ನಿಂದರು! ಗಾಳಿ ನಿನ್ನ ಕಡಿಂದ ಬೀಸಾಕತ್ತದ, ಮರಿಗಿ ನಿನ್ನ ವಾಸನಿ ಹತ್ತತದ. ಸುತ್ತ ಹಾಕಿ ಬಾ.”

ಬೂದೆಪ್ಪ ಒಡ್ಡಿನ ಮೇಲೆ ಕೂತಿದ್ದ. “ಮದುಮಗಳನ್ನ ಮಾಡಿ ಕಳಿಸಿದ್ದಿಯಲ್ಲವಾ! ಆ ಘಮಲು ಹೋಗಲಿಕ್ಕ ಬೂದಿ ತಿಕ್ಕಿದೆ, ಕುರಿ ಹಿಕ್ಕಿ ತಿಕ್ಕಿದೆ. ಕಡೀಕ ಆ ಕುರೀದ ಸತ್ತ ಮರಿ ತೊಗಲು ಸುಲಿದು ಇದಕ್ಕ ಅಂಗಿ ತೊಡಸೀನಿ. ಈಗ ಕುಡಸಾಕತ್ತದ. ಇವತ್ತಿಗಿ ನಾಕು ದಿನ, ಸಂಜಿಕ ಬಿಚ್ಚತೀನಿ.”

“ಒಂದ್ಸಲ ಎತ್ತಿಕೊಳ್ಳಲೇನು ಮಾವಾ?”

“ಮುಟ್ಟಿದೀ ಅಂದರ ಆ ಕುರಿ ಮತ್ತ ಒದೀತದ. ಕರೀಲೂ ಬ್ಯಾಡ. ನಿನ್ನ ದನಿ ಕೇಳಿದರ ಓಡಿ ಬರತದ ಅದು.”

ಓಡಿ ಬರುತ್ತದೆ. ಆ ಒಂದು ಮಾತು ಅವಳ ಎದೆಯಲ್ಲಿ ಬೆಲ್ಲದಂತೆ ಕರಗಿತು, ಆಮೇಲೆ ಮುಳ್ಳಿನಂತೆ ಚುಚ್ಚಿತು. ಅದಕ್ಕೆ ತಾನು ಬೇಕಾಗಿದ್ದಳೋ, ತನಗೆ ಅದು ಬೇಕಾಗಿತ್ತೋ?

“ಅತ್ತೀ, ಇದು ಮೋಸ ಅಲ್ಲೇನು? ತನ್ನ ಮರಿ ಅಂತ ತಿಳಕೊಂಡು ಹಾಲು ಕೊಡತದಲ್ಲ.”

ಆದೆಮ್ಮ ರೊಟ್ಟಿ ಬಡಿಯುತ್ತಲೇ ನಕ್ಕಳು. “ಕಾಲೇಜು ಕಲ್ತು ಇಷ್ಟೇ ಏನು? ಅದಕ್ಕೇನು ತಿಳಿಯಂಗಿಲ್ಲಾ? ಎರಡು ದಿನಕ್ಕ ತಿಳಿದಿರತದ. ಅಷ್ಟೊತ್ತಿಗಿ ಕುಡಿಸಿಬಿಟ್ಟಿರತದಲ್ಲ. ಕುಡಿಸಿದ ಮ್ಯಾಲ ಯಾರದಾದರೇನು?”

ನಾನೂ ಕುಡಿಸಿದ್ದೆನಲ್ಲ ಎಂದು ಹೇಳಬೇಕೆನಿಸಿತು. ಚೀಲದೊಳಗೆ ಕೈ ಹಾಕಿ ಬಾಟಲಿಯನ್ನು ಹಿಡಿದುಕೊಂಡಳು.

ಹೊತ್ತು ವಾಲಿದಾಗ ನೇತ್ರಾವತಿ ಆದೆಮ್ಮನ ಕಂಬಳಿ ಹೊದ್ದು ಒಡ್ಡಿನ ಮರೆಯಲ್ಲಿ ಕೂತಳು. ಬೂದೆಪ್ಪ ಗುಬ್ಬಿಯನ್ನು ಮೊಣಕಾಲ ನಡುವೆ ಹಿಡಿದು ದಾರ ಕತ್ತರಿಸಿದ. ಒಣಗಿ ಬಿರುಸಾದ ತೊಗಲು ಕಳಚಿ ಬಿತ್ತು. ಮರಿ ಬೆಳೆದಿತ್ತು. ಬಿಟ್ಟ ಕೂಡಲೇ ಅದು ನಾಲ್ಕು ಹೆಜ್ಜೆ ಒಡ್ಡಿನ ಕಡೆಗೇ ಬಂದು ನಿಂತು, ಕಿವಿ ನಿಮಿರಿಸಿ, ಬ್ಯಾ ಎಂದಿತು.

ಕರೆ ನಾಲಿಗೆ ತುದಿಗೆ ಬಂದಿತ್ತು. ನೇತ್ರಾವತಿ ಕಂಬಳಿಯ ಅಂಚನ್ನು ಬಾಯಲ್ಲಿ ಕಚ್ಚಿ ಹಿಡಿದಳು. ಉಣ್ಣೆ ಉಪ್ಪುಪ್ಪಾಗಿತ್ತು.

ಅತ್ತ ಕುರಿ ಒದರಿತು. ಮರಿ ಇನ್ನೊಮ್ಮೆ ಇತ್ತ ನೋಡಿ ತಿರುಗಿ ಓಡಿತು. ಕುರಿ ಅದರ ಬೆನ್ನು ಮೂಸಿತು, ಬಾಲ ಮೂಸಿತು, ಮತ್ತೆ ಬೆನ್ನು ಮೂಸಿತು. ಬೂದೆಪ್ಪ ಬೀಡಿ ಹಚ್ಚುವುದನ್ನೂ ಮರೆತು ನಿಂತಿದ್ದ. ಕೊನೆಗೆ ಕುರಿ ಹಿಂಗಾಲು ಅಗಲಿಸಿತು. ಮರಿ ಮಂಡಿಯೂರಿ ಕೆಚ್ಚಲಿಗೆ ಬಾಯಿ ಹಾಕಿತು, ಬಾಲ ಗಿರಗಿರನೆ ಅಲ್ಲಾಡಿತು.

“ಗೆದ್ದಿ ಬಿಡವಾ,” ಎಂದ ಬೂದೆಪ್ಪ, ಒಡ್ಡಿನ ಕಡೆ ತಿರುಗಿ.

ಹೊರಡುವಾಗ ನೇತ್ರಾವತಿ ಬಾಟಲಿಯನ್ನು ಆದೆಮ್ಮನ ಕೈಗೆ ಕೊಟ್ಟಳು. “ಬ್ಯಾರೆ ಮರಿಗಿ ಆಗತದ ಅತ್ತಿ.”

ಕೊನೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಅಂಗೈ ಮೂಸಿಕೊಂಡಳು. ಕಂಬಳಿಯ ವಾಸನೆಯಿತ್ತು, ಅದರಡಿ ಮೈಸೋಪಿನದು. ಗುಬ್ಬಿಯದು ಇರಲಿಲ್ಲ.