ನಾಲ್ಕು ಬೆರಳಷ್ಟು ಜಾರಿದ ಎಂಜಿನ್

ಶಿಗ್ಗಾಂವದ ಹೆದ್ದಾರಿ ಪಕ್ಕ ಗ್ಯಾರೇಜ್ ಇಟ್ಟಿದ್ದ ಚನ್ನೇಶನಿಗೆ ಆ ಹಳೆಯ ಅಂಬಾಸಿಡರ್ ಬೇರೆ ಗಾಡಿಗಳಂತಲ್ಲ. ಅದು ಸವಣೂರಿನ ಹೆರಿಗೆ ಡಾಕ್ಟರ್ ಪ್ರಿಯಂವದಾ ಅವರದು. ಅವರ ತಂದೆ ೧೯೬೪ರಲ್ಲಿ ಕೊಂಡದ್ದು. ಹದಿನೆಂಟು ವರ್ಷ ಶೆಡ್ಡಿನಲ್ಲಿ ನಿಂತು ತುಕ್ಕು ಹಿಡಿದಿತ್ತು. ಚನ್ನೇಶನ ಎರಡೂ ಮಕ್ಕಳು ಹುಟ್ಟಿದ್ದು ಪ್ರಿಯಂವದಾ ಅವರ ಕೈಯಲ್ಲಿ. ಎರಡನೆಯ ಹೆರಿಗೆಯಲ್ಲಿ ಅವನ ಹೆಂಡತಿ ಶೈಲಶ್ರೀ ಬದುಕಿ ಮನೆಗೆ ಬಂದದ್ದೂ ಅವರಿಂದಲೇ. ಗಾಡಿ ಮತ್ತೆ ಓಡಬೇಕು ಎಂದು ಅವರು ಕೇಳಿದಾಗ ಅವನು ಹಿಂದೆಮುಂದೆ ನೋಡಲಿಲ್ಲ. ಎಂಟು ತಿಂಗಳು ದುಡಿದ.

ಎಂಜಿನ್ ಕೂಡಿಸುವಾಗ ತಾವೂ ಇರಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು. ರವಿವಾರ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಂದೇಬಿಟ್ಟರು. ಹುಬ್ಬಳ್ಳಿಯಲ್ಲಿ ಸವೆದ ಸಿಲಿಂಡರುಗಳನ್ನು ಬೋರ್ ಮಾಡಿಸಿ ತಂದಿದ್ದ ಎಂಜಿನ್ ಸುಮಾರು ಎರಡು ಕ್ವಿಂಟಲ್ ತೂಕ. ಮೇಲಿನ ಕಬ್ಬಿಣದ ತೊಲೆಗೆ ಚೈನ್ ಪುಲ್ಲಿ ಹಾಕಿ, ಚನ್ನೇಶ ಅದನ್ನು ಬಾನೆಟ್ಟಿನೊಳಗೆ ಇಂಚು ಇಂಚಾಗಿ ಇಳಿಸಿದ. ಗೇರ್‌ಬಾಕ್ಸಿಗೆ ಅದು ಮೂರನೆಯ ಸಲಕ್ಕೆ ಕೂಡಿಕೊಂಡಿತು. ಇನ್ನು ಎರಡೂ ಬದಿಯಲ್ಲಿ ಎಂಜಿನ್ ಹೊರುವ ದಪ್ಪ ರಬ್ಬರಿನ ಮೇಲೆ ಅದನ್ನು ಕೂಡಿಸುವುದಷ್ಟೇ. ಎಡಗಡೆ ಸರಿಯಾಗಿ ಬಂತು. ಬಲಗಡೆಯ ರಬ್ಬರ್ ಓರೆಯಾಯಿತು.

ಡಾಕ್ಟರು ಅದನ್ನು ಸರಿಸಲು ಕೈ ಹಾಕಿದರು. ಚನ್ನೇಶ ಬೇಡ ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಮೇಲೆ ಪುಲ್ಲಿಯಲ್ಲಿ ಕಿರ್ ಎಂದು ಸಣ್ಣ ಸಪ್ಪಳವಾಗಿ, ಎಂಜಿನ್ ನಾಲ್ಕು ಬೆರಳಷ್ಟು ಕೆಳಗೆ ಜಾರಿ ಕೂತಿತು.

ಡಾಕ್ಟರ ಬಲಗೈ ಮಣಿಕಟ್ಟಿನವರೆಗಷ್ಟೇ ಕಾಣುತ್ತಿತ್ತು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು.

"ಚನ್ನೇಶ, ಎತ್ತು. ಸಾವಕಾಶ," ಎಂದರು.

ಅವನು ಸರಪಳಿ ಎಳೆದ. ಎಂಜಿನ್ ಒಂದು ಬೆರಳು ಏರಿ ಮತ್ತೆ ಜಾರಿತು. ಆಗ ಅವರ ಬಾಯಿಂದ ಬಂದ ನರಳಾಟ ಅವನು ಆವರೆಗೆ ಕೇಳಿದ್ದಂಥದ್ದಲ್ಲ. ಅವನು ಸರಪಳಿ ಹಿಡಿದು ನಿಂತಲ್ಲೇ ನಿಂತ. ಬುತ್ತಿ ತಂದಿದ್ದ ಶೈಲಶ್ರೀ ಜ್ಯಾಕನ್ನು ಅವನ ಕಾಲ ಬಳಿ ಉರುಳಿಸಿ ಬೆನ್ನಿಗೆ ಗುದ್ದಿದಳು. ಅವನಿಗೆ ಎಚ್ಚರ ಬಂದಂತಾಯಿತು. ಎಂಜಿನ್ ಕೆಳಗೆ ಹಲಗೆ ಕೊಟ್ಟು ಜ್ಯಾಕ್ ಏರಿಸಿದ. ಕೈ ಹೊರಗೆ ಬಂತು.

ಡಾಕ್ಟರು ಅದನ್ನು ಬೇರೆ ಯಾರದೋ ಕೈ ಎಂಬಂತೆ ತಿರುವಿ ನೋಡಿದರು. ತೋರುಬೆರಳು, ನಡುಬೆರಳು ಜಜ್ಜಿಹೋಗಿದ್ದವು. ಬಟ್ಟೆ ಎಲ್ಲಿ ಕಟ್ಟಬೇಕು, ಎಷ್ಟು ಬಿಗಿಯಬೇಕು ಎಂದು ಶೈಲಶ್ರೀಗೆ ತಾವೇ ಹೇಳಿದರು.

ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದ ಚನ್ನೇಶನಿಗೆ ಅಂದು ಗ್ಯಾರೇಜಿನ ವ್ಯಾನಿನ ಚಾವಿ ತಿರುಗಿಸಲಾಗಲಿಲ್ಲ. ಹುಬ್ಬಳ್ಳಿಯವರೆಗೆ ಶೈಲಶ್ರೀಯೇ ಓಡಿಸಿದಳು. ದಾರಿಯುದ್ದಕ್ಕೂ ಅವನು ಡಾಕ್ಟರ ಕಿವಿಗೆ ಫೋನ್ ಹಿಡಿದಿದ್ದ. ನಾಳೆಯ ಎರಡು ಸಿಸೇರಿಯನ್‌ಗಳನ್ನು ಯಾರು ಮಾಡಬೇಕು, ಯಾವ ಹೆಣ್ಣುಮಗಳಿಗೆ ಬಿಪಿ ಇದೆ ಎಂದು ಅವರು ಇನ್ನೊಬ್ಬ ಡಾಕ್ಟರಿಗೆ ಒಂದೊಂದಾಗಿ ಒಪ್ಪಿಸುತ್ತಿದ್ದರು.

ಎರಡು ಬೆರಳುಗಳನ್ನು ನಡುಗೆಣ್ಣಿನವರೆಗೆ ತೆಗೆಯಬೇಕಾಯಿತು.

ಚನ್ನೇಶ ಗ್ಯಾರೇಜ್ ತೆರೆಯಲಿಲ್ಲ. ಉಣ್ಣಲು ಕೂತರೆ ತನ್ನ ಬೆರಳನ್ನೇ ನೋಡುತ್ತ ಕೂರುತ್ತಿದ್ದ. ಊರವರು ಬಂದು, ನಿನ್ನದೇನೂ ತಪ್ಪಿಲ್ಲ, ತಾವೇ ಕೈ ಹಾಕಿದ್ದು ಎಂದು ಡಾಕ್ಟರೇ ಹೇಳಿದ್ದಾರೆ ಎಂದರು. ಅದನ್ನು ಕೇಳಿದ ಮೇಲೆ ಅವನಿಗೆ ಮನೆಯಲ್ಲಿರುವುದೂ ಆಗಲಿಲ್ಲ. ನಾಲ್ಕನೆಯ ದಿನ ಒಬ್ಬನೇ ಬಸ್ಸು ಹತ್ತಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದ.

"ಡಾಕ್ಟರ್ ಬಾಯಾರ, ಹ್ವಾದ ವಾರ ಟ್ರ್ಯಾಕ್ಟರ್ ಎಂಜಿನ್ ಎತ್ತುವಾಗ ಆ ಪುಲ್ಲಿ ಒಂದು ಗೇಣು ಜಾರಿತ್ರಿ. ನನಗ ಗೊತ್ತಿತ್ತು. ಆಮ್ಯಾಲ ರಿಪೇರಿ ಮಾಡಿಸಿದ್ರಾತಂತ ಬಿಟ್ಟಿದ್ದೆ."

ಕೈ ಜಜ್ಜಿದಾಗ ಬಾರದ ಕಣ್ಣೀರು ಪ್ರಿಯಂವದಾ ಅವರಿಗೆ ಈಗ ಬಂತು.

"ನಂದ ತಪ್ಪಂತ ಎಲ್ಲಾರ ಮುಂದ ಹೇಳ್ಲಿಕತ್ತಿದ್ದೆ," ಎಂದರು. "ಈಗ ಹೋಗು ನೀನು."

ಅವನು ಹೋದ. ಎರಡು ತಿಂಗಳು ಅವರಿಂದ ಯಾವ ಸುದ್ದಿಯೂ ಇರಲಿಲ್ಲ. ಚನ್ನೇಶ ಹೊಸ ಪುಲ್ಲಿ ತಂದ, ಬೇರೆ ಕೆಲಸಗಳನ್ನು ಮಾಡಿದ, ಆದರೆ ಅಂಬಾಸಿಡರ್ ಮುಟ್ಟಲಿಲ್ಲ. ಜ್ಯಾಕಿನ ಮೇಲೆ ಎಂಜಿನ್ ಅಂದು ನಿಂತಂತೆಯೇ ನಿಂತಿತ್ತು.

ಒಂದು ಮಧ್ಯಾಹ್ನ ಡಾಕ್ಟರು ಹೇಳದೆ ಬಂದರು. ಗೋಡೆಗೆ ಒರಗಿ ನಿಂತು, ಕೆಲಸ ಮುಗಿಸು ಎಂದಷ್ಟೇ ಹೇಳಿದರು. ಚನ್ನೇಶ ಎಂಜಿನ್ ಮತ್ತೆ ತೂಗುಹಾಕಿದ. ಬಲಗಡೆಯ ರಬ್ಬರನ್ನು ಸಬ್ಬಲದಿಂದ ಸರಿಸುವಾಗ ಅವನ ಮೈ ಬೆವರಿ ಅಂಗಿ ಬೆನ್ನಿಗೆ ಅಂಟಿತು. ಡಾಕ್ಟರೂ ಉಸಿರು ಬಿಗಿಹಿಡಿದಿದ್ದರು. ಬೋಲ್ಟು ಕೂತಿತು. ತಂತಿ, ಪೈಪು ಎಲ್ಲ ಜೋಡಿಸಿ ಮುಗಿಸಲು ಮತ್ತೆರಡು ದಿನ ಬೇಕಾದವು. ಆ ಎರಡೂ ದಿನ ಅವರು ಬಂದು ಅದೇ ಗೋಡೆಯ ಬಳಿ ನಿಂತರು.

ಎಂಜಿನ್ ಶುರುವಾದಾಗ ಇಬ್ಬರೂ ನಗಲಿಲ್ಲ. ಈಗ ಆಪರೇಷನ್ ಮಾಡುವುದಿಲ್ಲ, ಕಿರಿಯ ಡಾಕ್ಟರುಗಳ ಪಕ್ಕ ನಿಂತು ಹೇಳಿಕೊಡುತ್ತೇನೆ ಎಂದು ಅವರು ಶೈಲಶ್ರೀಗೆ ತಿಳಿಸಿದರು. ಆಮೇಲೆ ಮೂರು ಬೆರಳಿನ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತರು. ಚನ್ನೇಶ ತಲೆ ತಗ್ಗಿಸಿ ಕಿಟಕಿಯ ಪಕ್ಕ ನಿಂತಿದ್ದ.

"ಎಂಜಿನ್ ಎಣ್ಣಿ ಯಾವಾಗ ಬದಲಸ್ಬೇಕು?" ಎಂದು ಕೇಳಿದರು.

"ಐದುನೂರು ಕಿಲೋಮೀಟರ್ ಆದ ಮ್ಯಾಲೆರಿ."

"ಆವಾಗ ಬರ್ತೀನಿ," ಎಂದು ಅವರು ಗೇರ್ ಹಾಕಿ ಸವಣೂರಿನ ರಸ್ತೆ ಹಿಡಿದರು.